ಮೊಳ

ಇವತ್ತು ಬುಟ್ಟಿ ಬೇಡ, ಅಂಗೈ ಸಾಕು.
ಹಿತ್ತಲ ದುಂಡುಮಲ್ಲಿಗೆಯ ಕೊನೆಯ ಸುತ್ತು:
ಎಲೆಯ ಸಂದಿಗೆ ಒಂದು, ಕಾಂಪೌಂಡಿನಾಚೆ ಬಾಗಿದ್ದು ಎರಡು,
ಇನ್ನೊಂದು ನಿನ್ನೆಯೇ ಅರಳಿ ಅಂಚು ನೇರಳೆಗೆ ತಿರುಗಿ
ನಿನಗೇನೂ ಕಾಯಲಿಲ್ಲ ಹೋಗು, ಅನ್ನುವ ಹಾಗೆ.

ಶಿಡ್ಲಘಟ್ಟದ ಈ ಬೀದಿಯಲ್ಲಿ
ಹಿತ್ತಲೆಂದರೆ ಎಷ್ಟು ಮಹಾ?
ಒಗೆಯುವ ಕಲ್ಲು ಬಿಟ್ಟರೆ
ಹದಿನೈದಡಿ ಉದ್ದ, ಎರಡು ಮಂಚ ಅಗಲ.
ಅತ್ತೆ ಅದನ್ನು ತೋಟ ಅನ್ನುತ್ತಾರೆ.
ಗಂಡ, ಗಾಡಿ ನಿಲ್ಲಿಸುವ ಜಾಗ ಅನ್ನುತ್ತಾನೆ.
ಆರು ವರ್ಷದಿಂದ ಗೆಲ್ಲುತ್ತಿರುವುದು ಅತ್ತೆ.

ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ, ಅದೂ ಸರಿರಾತ್ರಿ.
ಹೂವಿಗೆ ಅದರಲ್ಲಿ ಪಾಲಿಲ್ಲ.
ಬಚ್ಚಲ ನೀರು ಬುಡಕ್ಕೆ ಹರಿಯಲೆಂದು
ಮಾವ ಇದ್ದಾಗ ಕಡಿದ ಗೇಣಗಲ ಕಾಲುವೆ.
ಯಾರ ಸ್ನಾನ ಎಂದು ಗಿಡಗಳಿಗೆ ಗೊತ್ತು:
ಚಲಪತಿ ಎರಡೇ ಚೊಂಬಿಗೆ ಮುಗಿಸಿದ ದಿನ
ಕನಕಾಂಬರ ಮುಖ ಬಾಡಿಸುತ್ತದೆ;
ನಾದಿನಿ ತಲೆಗೆ ಹಾಕಿಕೊಂಡ ಶುಕ್ರವಾರ
ಸೀಗೆಯ ನೊರೆಯಲ್ಲಿ ನಂದಿಬಟ್ಟಲಿಗೆ ಹಬ್ಬ.

ಗೋಡೆಗೆ ಒರಗಿದ ಹಳೆಯ ಚಂದ್ರಿಕೆ,
ಹುಳು ಗೂಡು ಕಟ್ಟಿ ಕಟ್ಟಿ ಸವೆದ ಬಿದಿರು.
ಅದರ ಸುರುಳಿಯಲ್ಲೀಗ ಶಂಖಪುಷ್ಪ ಹಬ್ಬಿ
ನೀಲಿಯದೊಂದು ಗೂಡು ಕಟ್ಟುತ್ತಿದೆ.
ಇದನ್ನು ಯಾರೂ ಬೇಯಿಸುವುದಿಲ್ಲ.

ಗೋಡೆಯಾಚೆ ಮುಬೀನಕ್ಕನ ಫಿಲೇಚರ್.
ಗೂಡು ಬೇಯುವ ಆ ವಾಸನೆ
ನಮ್ಮ ಗುಲಾಬಿಗೂ ರೂಢಿ.
ಸತ್ತ ಹುಳುವಿನ ಗೊಬ್ಬರ ಬಕೆಟಿನಲ್ಲಿ ಬರುತ್ತದೆ,
ಅದೇ ಬಕೆಟು ತೊಳೆದು ಹೂವು ತುಂಬಿಸಿ ಕಳಿಸುತ್ತೇವೆ.
ಲೆಕ್ಕ ಇಟ್ಟವರಿಲ್ಲ. ಇಟ್ಟಿದ್ದರೆ ನಾವೇ ಬಾಕಿ.

ಇನ್ನು ಆ ಪೇಂಟ್ ಡಬ್ಬಿಯ ಕಥೆ.
ಹೋದ ವರ್ಷ ನೆಟ್ಟ ಮೇ ಫ್ಲವರ್ ಗೆಡ್ಡೆ
ಮೇ ಐದಾದರೂ ಮೂತಿ ತೋರಿಸಲಿಲ್ಲ.
ಕೊಳೆತಿದೆ ಎಂದು ನಾನೇ ತೀರ್ಪು ಕೊಟ್ಟು
ಅದೇ ಮಣ್ಣಿಗೆ ಕೊತ್ತಂಬರಿ ಎರಚಿದೆ.
ಆಮೇಲೆ ರೋಹಿಣಿ ಮಳೆ ಬಂತು ಒಂದು ರಾತ್ರಿ.
ನೆಲ ನೆನೆಯಿತೋ ಇಲ್ಲವೋ,
ತಗಡಿನ ಮೇಲೆ ಮಾತ್ರ ಭಾರೀ ಜಂಬ.
ಮೂರನೇ ಬೆಳಿಗ್ಗೆ ಸೊಪ್ಪಿನ ನಡುವೆ
ಕೆಂಪಗೆ ಒಂದು ಬೆರಳು.
ಇವತ್ತಿಗೆ ಅದು ಚೆಂಡು.
ಸಾರಿಗೆಂದು ಕೊತ್ತಂಬರಿ ಕೀಳಲು ಹೋದ ಅತ್ತೆ
ಬರಿಗೈಲಿ ಬಂದು ಅಂದರು:
"ಸೊಪ್ಪಿಲ್ಲದೆ ಉಣ್ಣಿ. ಅಲ್ಲಿ ಜನ ಇದ್ದಾರೆ."

ನಾಳಿದ್ದು ಶಾಲೆ.
ಧನುಶ್ರೀ ಬೈಂಡು ಹಾಕಿದ ಪುಸ್ತಕ ಬಿಟ್ಟು ಬಂದು
ಒಗೆಯುವ ಕಲ್ಲಿನ ಮೇಲೆ ಕೂತಳು.
ಬಾಳೆನಾರಿನಲ್ಲಿ ಇದ್ದಬದ್ದದ್ದೆಲ್ಲ ಸೇರಿಸಿ
ನಾಲ್ಕು ಮರುಗದ ಎಲೆ ತುರುಕಿ
ಅತ್ತೆ ಕಟ್ಟಿದ್ದು ಒಂದು ತುಂಡು ಮಾಲೆ.
"ನನ್ನ ಕೈಯಲ್ಲೇ ಅಳೀಬೇಕು."
ಯುಗಾದಿಯಲ್ಲಿ ಇವಳ ಮೊಳ ದಾಟಿ
ಬಾಲ ಜೋತಾಡಿತ್ತು, ಬೆಕ್ಕು ಹಾರಿತ್ತು ಹಿಡಿಯಲು.
ಇವತ್ತು ಮೊಣಕೈಯಿಂದ ಹೊರಟ ಹೂವು
ಮುಂಗೈ ಬಳೆಗೇ ನಿಂತಿತು.
"ಹೂವು ಕಮ್ಮಿ ಆಯ್ತಾ ಅಜ್ಜಿ?"
"ಅದೂ ಆಯ್ತು" ಅಂದರು ಅತ್ತೆ,
ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ.
ಆಮೇಲೆ ಹಲ್ಲಿನಲ್ಲಿ ನಾರು ಕಡಿದು
ಅರ್ಧ ಇವಳ ಜಡೆಗೆ, ಅರ್ಧ ಗೋಡೆಯಾಚೆಗೆ.

ರಾತ್ರಿ ಎರಡಕ್ಕೆ ನಲ್ಲಿ ಕೆಮ್ಮಿತು.
ಡ್ರಮ್ಮು, ಕೊಡ, ಪಾತ್ರೆ, ಹಾಲಿನ ಲೋಟ,
ಮನೆಯಲ್ಲಿ ಬಾಯಿದ್ದ ಎಲ್ಲವೂ ಸಾಲು ನಿಂತವು.
ಅರೆಗಣ್ಣಿನಲ್ಲೇ ನಾನು ಕಂಡದ್ದು:
ಗಾಡಿಗೆ ಜಾಗ ಕೇಳುವವನು
ಲುಂಗಿ ಎತ್ತಿ ಕಟ್ಟಿ, ಕಳ್ಳಹೆಜ್ಜೆಯಲ್ಲಿ,
ಒಂದು ಚೊಂಬು ಒಳ್ಳೆಯ ನೀರು
ಪೇಂಟ್ ಡಬ್ಬಿಯ ಕಡೆ ಒಯ್ಯುತ್ತಿದ್ದ.
ಕೊಡ ತುಂಬಿ ಚೆಲ್ಲುತ್ತಿತ್ತು.
ನಾನು ಇನ್ನೊಂದು ಇಟ್ಟೆ.