ತಟ್ಟು

ಶನಿವಾರ ಮೂರೂವರೆಗೆ
ಕಾಕ್ಸ್ ಟೌನಿನ ಮೆಟ್ಟಿಲಡಿಯ ಬಾಡಿಗೆ ಪುಸ್ತಕದಂಗಡಿಯಲ್ಲಿ
ಇರುವುದೊಂದೇ ಫ್ಯಾನು, ಅದರ ಮುಖ ಮಾಲೀಕರ ಕಡೆ.
ನಾವು ಮೂವರು, ಕುರ್ಚಿ ಎರಡು,
ತಡವಾಗಿ ಬಂದವರಿಗೆ ಹಳೆ ವಿಶ್ವಕೋಶದ ಕಟ್ಟು.

ಮೊದಲು ಬಾಯಿ ತೆರೆಯುವುದು ಫಿಲೋಮಿನಾ, ಯಾವಾಗಲೂ.
ಈ ವಾರ ಪತ್ತೇದಾರಿ.
ಕೊಂದದ್ದು ತೋಟದ ಮಾಲಿಯೆಂದು
ನಲವತ್ತನೇ ಪುಟಕ್ಕೇ ಗೊತ್ತಾಯಿತಂತೆ;
ಆದರೂ ಬಿಡಲಿಲ್ಲವಂತೆ,
ಗುಲಾಬಿ ಕಸಿ ಕಟ್ಟುವುದನ್ನು ಅಷ್ಟು ಚೆಂದ ಬರೆದಿದ್ದಾನಂತೆ.
'ಹೆಣ ಒಂದು ಎತ್ತಿಬಿಟ್ಟರೆ ಒಳ್ಳೇ ಪುಸ್ತಕ.'

ಪುಟ್ಟಲಿಂಗಯ್ಯ, ಕರೆಂಟ್ ಮೀಟರ್ ಓದಿ ರಿಟೈರಾದವರು,
ಯುಗಾದಿಗೆ ಹಿಡಿದ ದಪ್ಪ ಅನುವಾದ ಇನ್ನೂ ಕೈಯಲ್ಲೇ.
'ಎಲ್ಲಿಗೆ ಬಂತು ಸಾರ್?'
'ಹಿಮ ಬೀಳ್ತಾನೇ ಇದೆ ಕಣ್ರೀ.
ಒಬ್ಬೊಬ್ಬರಿಗೂ ಮೂರು ಮೂರು ಹೆಸರು,
ಯಾರ ಬಾಕಿ ಯಾರ ಹೆಸರಲ್ಲಿ ಅಂತ
ಹಿಂದೆ ಬರ್ಕೋತಿದ್ದೀನಿ.'

ಆಮೇಲೆ ನಾನು.
ಐವತ್ತಾರು ವಯಸ್ಸು, ವಿಮಾ ಕಚೇರಿಯ ಕೌಂಟರು,
ಚೀಲದಲ್ಲಿ ತಟ್ಟು ಕುದುರೆಯ ಪುಸ್ತಕ,
ಇಂಗ್ಲೆಂಡಿನ ಹನ್ನೆರಡರ ಹುಡುಗಿಯರಿಗೆಂದು ಬರೆದದ್ದು.
ಮುಖಪುಟ ಕೆಳಗಾಗಿಸಿ ತೊಡೆಯ ಮೇಲಿಟ್ಟುಕೊಂಡು ಹೇಳುತ್ತೇನೆ:
ಹನ್ನೊಂದು ಓದಿದೆ. ಹನ್ನೊಂದರಲ್ಲೂ
ಸಂತೆಯಲ್ಲಿ ಎಲುಬು ಕಾಣುವ ಒಂದು ತಟ್ಟು,
ಕಾಸಿಲ್ಲದ ಒಬ್ಬಳು,
ಇಸ್ತ್ರಿ ಮುರಿಯದ ಚಲ್ಲಣದ ಇನ್ನೊಬ್ಬಳು,
ಕೊನೆಗೆ ಬೇಲಿ ಹಾರಿ ಕೆಂಪು ರಿಬ್ಬನ್ನು.
'ಗೊತ್ತಿದ್ದೂ ಯಾಕೆ ಓದ್ತೀರಿ?'
ಗೊತ್ತಿರುವುದಕ್ಕೇ.
ನಮ್ಮ ಕೌಂಟರಿಗೆ ಬರುವವರಲ್ಲಿ
ಯಾರ ಕೊನೆಯ ಪುಟವೂ ಹಾಗಿರುವುದಿಲ್ಲ.

ಇನ್ನೊಂದಿತ್ತು, ಹೇಳಲಿಲ್ಲ.
ಕಬ್ಬನ್ ಪಾರ್ಕಿನಲ್ಲಿ ಎಂಟಾಣೆಗೆ ಒಂದು ಸುತ್ತು.
ಹೆಸರೇನೆಂದು ಕೇಳಿದ್ದೆ. ರಾಜಾ, ಎಂದ.
ಮುಂದಿನ ತಿಂಗಳು ಬೇರೆ ಬಣ್ಣದ್ದು. ಅದೂ ರಾಜಾ.
ಮೊದಲನೆಯದು ಎಲ್ಲೆಂದು ಅಮ್ಮ ಕೇಳಗೊಡಲಿಲ್ಲ.

ಮೂಲೆಯಲ್ಲಿ ಹರಿದ ಪುಸ್ತಕ ಹೊಲಿಯುತ್ತಿದ್ದ ಖತೀಜಾಬಿ
ಸೂಜಿ ಹಲ್ಲಿಗೆ ಕಚ್ಚಿಕೊಂಡು ಕೈ ಚಾಚಿದಳು.
ಓದು ಬಾರದು; ಬೆನ್ನು ನೋಡಿ ಹೇಳಬಲ್ಲಳು
ಎಷ್ಟು ಜನ ಹಿಡಿದರು, ಎಲ್ಲಿಗೆ ಬಿಟ್ಟರು.
ಅವಳಪ್ಪ ರೇಸ್‌ಕೋರ್ಸಿನ ಹಿಂದೆ ನಾಲಬಂದಿ.
ಚಿತ್ರ ನೋಡಿದಳು: ಹುಡುಗಿ, ಗೊರಸು, ಮೊಳೆ, ಸುತ್ತಿಗೆ.
'ಇದು ಸುಳ್ಳು' ಎಂದಳು.
'ಮೊಳೆ ಒಳಮುಖ ಹೊಡೀತಾಳೆ. ಕುದುರೆ ಕುಂಟ್ತದೆ.
ಆಮೇಲೆ ಎಲ್ಲಿಂದ ಬೇಲಿ ಹಾರ್ತದೆ?
ಮತ್ತೆ ಲಾಯದಲ್ಲಿ ಲದ್ದಿ ಎಲ್ಲಿ?
ಹುರುಳಿ ಬೇಯಿಸಿದವರು ಯಾರು?'

ಫಿಲೋಮಿನಾ ನಕ್ಕರು. ನಾನು ನಗಲಿಲ್ಲ.
ಹನ್ನೊಂದು ಪುಸ್ತಕ ಓದಿದವಳು
ಲದ್ದಿ ಇಲ್ಲದ್ದನ್ನು ನೋಡಿರಲಿಲ್ಲ.
ರೊಟ್ಟಿ ತಟ್ಟು ಗೊತ್ತು, ಬೆನ್ನು ತಟ್ಟು, ಬಾಗಿಲು ತಟ್ಟು.
ಪುಸ್ತಕ ಮನಸ್ಸಿಗೆ ತಟ್ಟಲಿಲ್ಲ ಎನ್ನುತ್ತೇವಲ್ಲ,
ಅದಕ್ಕೂ ನಾಲ್ಕು ಗೊರಸು ಸರಿಯಿರಬೇಕೆಂದು
ಯಾರೂ ಹೇಳಿರಲಿಲ್ಲ.

ಪೆನ್ಸಿಲು ತೆಗೆದೆ. ಅವಳು ಹೇಳಿದಳು, ನಾನು ಬರೆದೆ,
ನೂರಾ ಹದಿನೆಂಟನೇ ಪುಟದ ಅಂಚಿಗೆ, ಕನ್ನಡದಲ್ಲಿ:
ಮೊಳೆಯ ತುದಿ ಹೊರಮುಖ ಬರಬೇಕು.
ಹೊಡೆಯುವಾಗ ಸದ್ದು ಕೇಳು. ಟಣ್ ಎಂದರೆ ಸರಿ.
ಮೆತ್ತಗೆ ಕೇಳಿದರೆ ನಿಲ್ಲಿಸು, ಅದು ಮಾಂಸ.

ಮಾಲೀಕರು ಐದು ರೂಪಾಯಿ ದಂಡ ಹಾಕಿದರು.

ಹೊರಗೆ ಹೋದ ಪುಸ್ತಕ ಮೂರು ವಾರಕ್ಕೆ ಬಂತು.
ನಮ್ಮ ಸಾಲಿನ ಕೆಳಗೆ
ಯಾವುದೋ ಮಗುವಿನ ಗುಂಡು ಅಕ್ಷರ:
'ಆಂಟಿ, ನೋವಾಗಲ್ವಾ?'
ಖತೀಜಾಬಿ ಎರಡು ಸಲ ಓದಿಸಿಕೊಂಡಳು.
ದಾರಕ್ಕೆ ಮೇಣ ಉಜ್ಜುತ್ತ,
'ಪೆನ್ಸಿಲ್ ತಗೋ' ಎಂದಳು,
'ಅಂಚಲ್ಲಿ ಇನ್ನೂ ಜಾಗ ಇದೆಯಲ್ಲ.'