ಬೀಜದ ಲೆಕ್ಕ

ಮನಾಮಾದಾಗ ಈ ಹಳೇ ಮನೀ ರಿಪೇರಿಗೆ
ನಾ ಬಂದು ಹನ್ನೊಂದು ದಿನ.
ಗುಳೇದಗುಡ್ಡದ ಕಲ್ಲಿಗೆ ಪಳಗಿದ ಕೈ,
ಇಲ್ಲೀ ಹವಳಗಲ್ಲು ಮುಟ್ಟಿದರ
ಹಪ್ಪಳದಂಗ ಉದರತೈತಿ.

ಹಿಂದಿನ ಕೋಣ್ಯಾಗ ಕಿಟಕಿ ಇಲ್ಲ.
ನೆಲದ ತುಂಬ ಸಾಲು ಸಾಲು ಬದು, ನಡುವ ಕಾಲಿವಿ.
"ಇಲ್ಲೇನು ಬೆಳೀತಿದ್ರಿ?" ಅಂದೆ ಮಾಲೀಕಗ.
ನನ್ನ ಮುರಕಲು ಹಿಂದಿಗೆ ಅವನ ಮುರಕಲು ಹಿಂದಿ:
ಖರ್ಜೂರದ ಚೀಲ ಜಂತಿ ಮುಟ್ಟೂ ಹಂಗ ಒಟ್ಟತಿದ್ರಂತ,
ಮ್ಯಾಲಿನದರ ಭಾರಕ್ಕ ಕೆಳಗಿನದು ಅಳತಿತ್ತಂತ,
ಆ ಕರೀ ಪಾಕ ಕಾಲಿವಿ ಹಿಡದು ಹರಿದು
ಮೂಲ್ಯಾಗ ಹುಗಿದ ಗಡಿಗಿ ಸೇರತಿತ್ತಂತ.

ಅವನಜ್ಜಿ ತರ್ಫಾ.
ಮುತ್ತಿಗೆ ಮುಳುಗಿದ ಗಂಡ ಮ್ಯಾಲ ಬರಲಿಲ್ಲ.
ಹಗ್ಗ ಬಂತು.

ಲಡಾಯಿ ಎಲ್ಲೋ ದೂರ, ರೇಡಿಯೋದಾಗ.
ಒಂದಿನ ಸಂಜೀಕ ಅದು ಬಜಾರಕ್ಕ ನಡಕೊಂಡು ಬಂತು
ಪರಿಚಯದ ಮಾರಿ ಹೊತ್ತು, ಕೈಯಾಗ ಬಡಗಿ ಹಿಡದು.
ಅರಿವಿ ಅಂಗಡಿ ಯಹೂದಿ ಶಾವುಲ್‌ನ ಬಾಗಲಾ ಮುರದಾಗ
ಅವನ ಮೂರು ಮಕ್ಕಳು ಮಾಳಿಗಿ ಜಿಗಿದು
ಈ ಅಂಗಳದಾಗ ಬಿದ್ದುವು.
ಯಾರು, ಯಾಕ, ಅಕಿ ಕೇಳಲಿಲ್ಲ.
ಚೀಲದ ಹಿಂದ ತುರಕಿ ಹೇಳಿದ್ದು ಇಷ್ಟ:
"ಅಳು ಬಂದಾಗೊಮ್ಮೆ ಒಂದು ಖರ್ಜೂರ ಬಾಯಾಗ ಇಟಗೋರಿ.
ಬೀಜ ಉಗುಳಬ್ಯಾಡ್ರಿ, ಸಪ್ಪಳಾಗತೈತಿ.
ಮುಟಗ್ಯಾಗ ಹಿಡೀರಿ."

ಬಾಗಲಾ ಬಡದ್ರು. ಕಂದೀಲು ಎತ್ತಿದ್ರು.
"ಒಳಗೇನೈತಿ?"
"ಖರ್ಜೂರ. ಇರಿವಿ.
ಮೂರನೇದು ನಾನು. ಮುಟ್ಟತೀರೇನು?"
ಅಕಿ ಎದಿಹಾಲು ಕುಡಿದಾಂವ ಒಬ್ಬ ಅವರಾಗ ಇದ್ದ.
ಅವನ ತಲಿ ಮೊದಲು ಬಾಗಿತು.

ಮುಂಜಾನೆ ಬೀಜ ಎಣಿಸಿದಳು.
ದೊಡ್ಡಾಂವ ನಈಮನ ಕೈಯಾಗ ಒಂಬತ್ತು.
ನಡುವಿನಾಕಿ ಹಬೀಬಾ, ಇಪ್ಪತ್ತಾರು.
ಸಣ್ಣ ಸಾಸೂನ್ ಮುಟಗಿ ಬಿಚ್ಚಲೇ ಒಲ್ಲ,
ಬಿಚ್ಚಿದರ ಖಾಲಿ.
ಎಲ್ಲಾ ನುಂಗಿಬಿಟ್ಟಿದ್ದ.
"ಇವನವು ಲೆಕ್ಕಕ್ಕ ಸಿಗೂದಿಲ್ಲ" ಅಂದಳಂತ.

ಅಪ್ಪ ಬಂದ, ಹಣೀಮ್ಯಾಲ ರಕ್ತ ಒಣಗಿ.
ಹೆಂಡತೀ ಬಳಿ, ರೂಪಾಯಿ ಗಂಟು, ಪಾದದ ಮುಂದ ಸುರುವಿದ.
ಹಿಂದೂಸ್ತಾನದ ರೂಪಾಯಿ. ಆಗ ಇಲ್ಲೂ ಅದ ನಡೀತಿತ್ತು,
ನಮ್ಮಜ್ಜ ಸಂತ್ಯಾಗ ಕಚ್ಚಿ ನೋಡಿದ್ದೂ ಅದನ್ನ.
ಅಕಿ ಎರಡಾಣೆ ಆರಿಸಿದಳು,
ಮೂವತ್ತೈದು ಖರ್ಜೂರದ್ದು.
ಉಳಿದದ್ದು ಅವನ ಕಿಸೇದಾಗ ತುರಕಿದಳು.

ಅವರು ಹಡಗ ಹತ್ತಿ ಹೋದ್ರು. ಕಾಗದ ಬರಲಿಲ್ಲ.
ಅಕಿ ಹೆಸರು ಎಲ್ಲೂ ಇಲ್ಲ.
ಕಲ್ಲಾಗ ಹೆಸರು ಕೆತ್ತೂದು ನನ್ನ ಕಸಬು,
ಕೆತ್ತಲೇನು, ಅಂತ ಕೇಳಿದೆ.
ಮುದುಕ ಕೈ ಅಲ್ಲಾಡಿಸಿದ: "ಬೈತಿದ್ದಳು."

ನಾಳೆ ಈ ನೆಲಕ್ಕ ಟೈಲ್ಸ್.
ಸಿಮೆಂಟ್ ಕಲಸು ಅಂದಾನ ಸೂಪರ್‌ವೈಸರ್.
ಕಾಲಿವ್ಯಾಗ ಇರಿವಿ ಸಾಲು ಹೊಂಟೈತಿ ಇನ್ನೂ,
ಏನು ವಾಸನಿ ಹಿಡದೋ.
ನಾ ಕರಣಿ ಕೆಳಗಿಟ್ಟು ಕುಂತೀನಿ.
ಹೋಗಲಿ, ಅವು ಮೊದಲು.