ಚುಕ್ತಾ

ಬನ್ನಿಮಂಟಪದ ನನ್ನ ಶೆಡ್ಡಿಗೆ ಬರುವುದೆಲ್ಲ
ಮೂಗು ಒಡೆದ ಆಟೋ, ಬಾಯಿಬಿಟ್ಟ ನೀರಿನ ಟ್ಯಾಂಕು,
ದಸರೆ ಮುಗಿಸಿ ಸೊಂಡಿಲು ಕಳಕೊಂಡ
ಸ್ತಬ್ಧಚಿತ್ರದ ಆನೆ.
ಅವತ್ತು ಲಗೇಜ್ ಆಟೋದಲ್ಲಿ ಬಂದದ್ದು ಮಾತ್ರ
ಒಂಬತ್ತಡಿ ಉದ್ದ, ಹಳೇ ಸೀರೆ ಸುತ್ತಿಕೊಂಡು,
ಹಿಂದಕ್ಕೆ ಅರ್ಧ ಚಾಚಿಕೊಂಡು.
ಹೆಣವೇನೋ ಎಂದು ಮುಬಾರಕ್ ರೇಡಿಯೋ ಆರಿಸಿದ.

ಸೀರೆ ಬಿಚ್ಚಿದರೆ
ಅಲೆಯ ಮೇಲೆ ನಿಲ್ಲುವ ಹಲಗೆ.
ಕಡಲು ಕಾಣಲು ಒಂದು ಘಟ್ಟವಾದರೂ
ಇಳಿಯಬೇಕಾದ ಈ ಊರಲ್ಲಿ.

ಲಕ್ಷ್ಮೀಪುರಂನ ಪ್ರಫುಲ್ಲಮ್ಮ ಸ್ಟೂಲೆಳೆದು ಕೂತು ಹೇಳಿದರು:
ಎಂಬತ್ತೆರಡರಲ್ಲಿ ಯೋಗ ಕಲಿಯಲು ಬಂದ ಡೆರಿಕ್
ನಮ್ಮ ಔಟ್‌ಹೌಸಿನಲ್ಲಿದ್ದ.
ಎರಡು ತಿಂಗಳ ಬಾಡಿಗೆ ಬಾಕಿಗೆ ಇದನ್ನು ಬಿಟ್ಟು
ಅಮ್ಮನ ಕಾಲಿಗೆ ಬಿದ್ದು ಹೋದ.
(ಬಿದ್ದವನು ಬೇಗ ಏಳಲಿಲ್ಲವಂತೆ,
ಅದೂ ಒಂದು ಆಸನವೆಂದುಕೊಂಡನೋ ಏನೋ.)
ಅಮ್ಮ ಲೆಕ್ಕದವಳು.
ತಾರಸಿಗೆ ಹತ್ತಿಸಿ, ಸೀಗೆಪುಡಿ ಹಾಕಿ ಉಜ್ಜಿ,
ಮಾರನೇ ದಿನವೇ ಹಪ್ಪಳ ಹರಡಿದಳು.
ಮೂವತ್ತೊಂದು ಬೇಸಿಗೆ, ಪರಶಿವಯ್ಯನವರೇ.

ಈಗ ಮೂಲ್ಕಿಯಲ್ಲಿ ಅಲೆ ಹತ್ತುವ ಹುಡುಗರು ಕೇಳಿದ್ದಾರೆ.
ಒಬ್ಬ ಹೇಳುತ್ತಾನೆ, ಹೊಸದರ ಹಾಗೆ ಮಾಡಿಸಿ, ನೀರಿಗಿಳಿಸುತ್ತೇವೆ.
ಇನ್ನೊಬ್ಬ, ಒಂದು ಗೀರೂ ಮುಟ್ಟಿಸಬೇಡಿ, ಗೋಡೆಗೆ ಹಾಕುತ್ತೇವೆ.
ನೀವೇನಂತೀರಿ?

ನಾನೇನನ್ನಲಿ.
ಹೋದ ವರ್ಷ ಒಂದು ಲ್ಯಾಂಬ್ರೆಟಾ ಹೊಳೆಯಿಸಿ ನಿಲ್ಲಿಸಿದ್ದೆ.
ಮಗ ಬಂದು ಅದರ ಮುಂದೆಯೇ ನಿಂತು
ಅಪ್ಪನ ಗಾಡಿ ಎಲ್ಲಿ ಅಂದ.

ಕೆಳಮೈ ಇನ್ನೂ ಬೆಳ್ಳಗೆ, ನಡುವೆ ಬೆನ್ನುಹುರಿಯ ಹಾಗೆ ಮರದ ಪಟ್ಟಿ.
ಮೇಲ್ಮೈ ಜೇನಿನ ಬಣ್ಣಕ್ಕೆ ತಿರುಗಿ
ಒಂದರ ಮೇಲೊಂದು ಹತ್ತಿದ ಮಸುಕು ಚಂದ್ರರು,
ಇಂಗು, ಜೀರಿಗೆ, ಎಣ್ಣೆಯ ಕಲೆ.
ಅಣ್ಣಾ, ಎಂಬತ್ತು ನಂಬರ್ ಪೇಪರ್ ಹಾಕಿ ಬಫ್ ಹೊಡೆದರೆ
ಕನ್ನಡಿ ಆಗತ್ತೆ, ಅಂದ ಮುಬಾರಕ್.
ಆಗತ್ತೆ. ನನಗೂ ಗೊತ್ತು. ಕೈ ಕಡಿಯುತ್ತಲೇ ಇತ್ತು.

ಆಗ ಮೂತಿಯ ಹತ್ತಿರ ಕಂಡದ್ದು:
ಮೊಳೆಯಲ್ಲಿ ಗೀಚಿದ ಗೆರೆಗಳು,
ನಾಲ್ಕು ನಿಂತದ್ದು, ಒಂದು ಅಡ್ಡ,
ಮತ್ತೆ ನಾಲ್ಕು, ಒಂದು ಅಡ್ಡ.
ಮಾರಿದ ನೂರು ನೂರು ಹಪ್ಪಳ.
ಕೊನೆಯ ಗೆರೆಯ ಪಕ್ಕದಲ್ಲಿ, ಓದಲು ಕಷ್ಟಪಡುವ ಅಕ್ಷರದಲ್ಲಿ,
ಡೇರಿಕ ಚುಕ್ತಾ.
ಪ್ರಫುಲ್ಲಮ್ಮ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.
ಅವರಿಗೂ ಗೊತ್ತಿರಲಿಲ್ಲ.

ರೂಪಾಯಿ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋದೆ.
ಠಣ್, ಠಣ್, ಠಣ್,
ಬಾಲದ ರೆಕ್ಕೆಯ ಬುಡದಲ್ಲಿ ಡೊಬ್.
ಒಳಗೆ ನೀರು ಕೂತಿದೆ.
ಹಾಗೇ ಬಿಟ್ಟರೂ ಇದು ಹಾಗೇ ಇರುವುದಿಲ್ಲ,
ಒಳಗಿಂದ ಕೊಳೆಯುತ್ತಾ ಬರುತ್ತದೆ, ಸದ್ದಿಲ್ಲದೆ.

ಬೆರಳಗಲ ಕೊರೆದೆ.
ಕಂದು ನೀರು ಇಳಿಯಿತು, ಲೋಟದಷ್ಟು.
ಉಪ್ಪಿನ ವಾಸನೆ ಬರಬಹುದೆಂದು ಮೂಸಿದೆ, ನಾಚಿಕೆಯಿಲ್ಲದೆ.
ಲಕ್ಷ್ಮೀಪುರದ ಮಳೆ, ಪಾಚಿ.
ಮೂರು ದಿನ ಬಿಸಿಲಿಗಿಟ್ಟು, ರೆಸಿನ್ ಕಲಸಿ, ಅಷ್ಟನ್ನೇ ಮುಚ್ಚಿದೆ.
ಜೇನಿನ ಬಣ್ಣ ಹೊಂದಿಸುವ ಪುಡಿ ಡಬ್ಬಿಯಲ್ಲಿತ್ತು.
ಹಾಕಲಿಲ್ಲ. ತೇಪೆ ತೇಪೆಯಾಗಿಯೇ ಕಾಣಲಿ,
ಹೊಸ ಪ್ಯಾಂಟಿನವನಂತೆ ಬೆಪ್ಪಾಗಿ, ಬೆಳ್ಳಗೆ.

ಮೂಲ್ಕಿಯವರಿಗೆ ಏನು ಹೇಳಲಿ? ಕೇಳಿದರು ಪ್ರಫುಲ್ಲಮ್ಮ.
ತೇಲುತ್ತದೆ ಅಂತ ಹೇಳಿ.
ಅಷ್ಟೇನಾ?
ಅಷ್ಟು ನನಗೆ ಗೊತ್ತು.

ತೇಪೆ ಒಣಗಲೆಂದು ಅಂಗಳದಲ್ಲಿ ಮಲಗಿಸಿದ್ದೆವು.
ಮಧ್ಯಾಹ್ನ ಒಂದು ಕಾಗೆ ಬಂದು ಇಳಿಯಿತು,
ಮೂತಿಯಿಂದ ಬಾಲದವರೆಗೆ ನಡೆಯಿತು,
ಒಂದೊಂದು ಚಂದ್ರನ ಮೇಲೂ ನಿಂತು
ಕತ್ತು ಓರೆ ಮಾಡಿ ನೋಡಿತು.
ಮುಬಾರಕ್ ಓಡಿಸಲು ಎದ್ದ.
ಪ್ರಫುಲ್ಲಮ್ಮ ಬೇಡವೆಂದು ಕೈ ಎತ್ತಿದರು.